ಹೊರದೇಶದಾಗ ಮೊದಲ್ನೇ ಸಲ ನಡಿಯಾಕ ಹೋಗೂದು, ದಾರಿ ಹೆಂಗ ಆರಿಸ್ಬೇಕ್ರಿ?

ನವನಗರ_ಟೀಚರ್ (ಬಾಗಲಕೋಟಿ)

ಎಲ್ಲಾರಿಗೂ ನಮಸ್ಕಾರ ರೀ. ನಾನು, ನಮ್ಮ ಮನಿಯವ್ರು ಇಬ್ರೂ ಹೈಸ್ಕೂಲ್ ಟೀಚರ್ಸ್. ರವಿವಾರ ಬಂತಂದ್ರ ಬಾದಾಮಿ ಗುಡ್ಡ, ಇಲ್ಲಾಂದ್ರ ಐಹೊಳಿ ಮೇಗುತಿ, ಹಿಂಗ ಅಡ್ಡಾಡಿ ಅಡ್ಡಾಡಿ ಕಾಲಿಗೆ ರೂಢಿ ಆಗೇತಿ, ಈಗ ಒಮ್ಮೆ ಹೊರದೇಶದಾಗ ನಡದು ಬರೂಣು ಅಂತ ಭಾಳ ಆಸೆ ಆಗೇತಿ, ಪಾಸ್ಪೋರ್ಟೂ ಮಾಡ್ಸೇವಿ. ಆದ್ರ ನೆಟ್ ತಗದ್ರ ಬರೇ "ಜಗತ್ತಿನ ಟಾಪ್ 10 ಟ್ರೇಲ್" ಅಂತ ಬರ್ತಾವ, ಎಲ್ಲಾದ್ರಾಗೂ ಅವೇ ಹೆಸರು, ಪೆರುವಿನ ಇಂಕಾ ಟ್ರೇಲು, ನ್ಯೂಜಿಲೆಂಡಿನ ಮಿಲ್ಫೋರ್ಡು, ಆಲ್ಪ್ಸ್ ಒಳಗ ಮಾಂಟ್ ಬ್ಲಾಂಕ್ ಸುತ್ತೂ ದಾರಿ. ನಮ್ಮಂಥವ್ರಿಗೆ ಯಾವುದು ಆಗ್ತೈತಿ ಯಾವುದು ಆಗಂಗಿಲ್ಲ ಅನ್ನೂದು ಯಾರೂ ಬರಿಯಂಗಿಲ್ಲ.

ನಮಗ ರಜೆ ಅಂದ್ರ ದಸರಾ ಇಲ್ಲಾ ಮೇ, ಹತ್ತು ಹನ್ನೆರಡು ದಿನ. ಟೆಂಟಿನಾಗ ಮಲಗೂದು ಬ್ಯಾಡ. ಇಬ್ರೂ ಪಕ್ಕಾ ವೆಜ್, ತತ್ತಿನೂ ತಿನ್ನಂಗಿಲ್ಲ. ನಮ್ಮ ಮನಿಯವ್ರಿಗೆ ಇಳಿಯೂ ಮುಂದ ಮೊಣಕಾಲು ನೋಯ್ತಾವ. ಹೋಗಿ ಬಂದವ್ರು ಇದ್ರ ಖರೇ ಖರೇ ಹೇಳ್ರಿ, ಹುಡುಕೂದು ಎಲ್ಲಿಂದ ಸುರು ಮಾಡ್ಬೇಕು?

ಕುಂದಾನಗರಿ_ನಡಿಗಿ (ಬೆಳಗಾವಿ)

ಅಕ್ಕಾರ, ಫೋಟೋ ಬಾಜೂಕಿಟ್ಟು ಮೊದಲ ಕ್ಯಾಲೆಂಡರ್ ತಗೀರಿ. ನಿಮ್ಮ ರಜೆನೇ ಅರ್ಧಾ ದಾರಿ ಆರಿಸಿ ಕೊಡ್ತೈತಿ. ನೀವು ಬರದಿದ್ದೇ ತಗೋರಿ. ಮಾಂಟ್ ಬ್ಲಾಂಕ್ ಸುತ್ತ ಸುಮಾರು 170 ಕಿ.ಮೀ., ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶ ದಾಟಿ ಬರ್ತೀರಿ, ಆದ್ರ 2,500 ಮೀಟರ್ ಮ್ಯಾಲಿನ ಕಣಿವಿ ದಾಟ್ಬೇಕು, ಮೇ ತಿಂಗಳದಾಗ ಅಲ್ಲಿ ಇನ್ನೂ ಬರ್ಫ ಇರ್ತೈತಿ, ಜನ ನಡಿಯೂದು ಜೂನ್ ಕಡೀಕಿಂದ ಸಪ್ಟೆಂಬರ್ ನಡುವ ತನಕ. ಅಂದ್ರ ನಿಮ್ಮ ಎರಡೂ ರಜೆಗೂ ಕೂಡಂಗಿಲ್ಲ. ಇಂಕಾ ಟ್ರೇಲ್ ಮೇದಾಗ ಛಲೋ ಇರ್ತೈತಿ, ಆದ್ರ ರಾತ್ರಿ ಟೆಂಟೇ ಗತಿ, ಗೈಡು ಪೋರ್ಟರು ಎಲ್ಲಾ ಸೇರಿ ದಿನಕ್ಕ 500 ಮಂದಿಗಷ್ಟೇ ಬಿಡ್ತಾರ, ತಿಂಗಳುಗಟ್ಲೆ ಮೊದಲ ಬುಕ್ ಮಾಡ್ಬೇಕು. ಮಿಲ್ಫೋರ್ಡಿನಾಗ ಮಲಗಾಕ ಗುಡಿಸಲು ಅದಾವ ಖರೇ, ಆದ್ರ ಅಲ್ಲಿ ಮೇ ಅಂದ್ರ ಚಳಿಗಾಲದ ಬಾಗಲು, ಸೀಜನ್ ಮುಗದಿರ್ತೈತಿ. ನೋಡ್ರಿ, ಮೂರೂ ಪಟ್ಟಿಯಿಂದ ಹೊರಗ ಬಿದ್ವು.

ಎರಡ್ನೇದು ಏರು. ಎಷ್ಟು ಕಿಲೋಮೀಟರ್ ಅನ್ನೂದರ ಜೋಡಿ ಒಂದು ದಿನದಾಗ ಎಷ್ಟು ಮೀಟರ್ ಏರ್ಬೇಕು, ಎಷ್ಟು ಇಳೀಬೇಕು ಅನ್ನೂದು ನೋಡ್ರಿ. 1892ರಾಗ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನೋರು ಒಂದು ಲೆಕ್ಕ ಹೇಳ್ಯಾರ, ತಾಸಿಗೆ 5 ಕಿ.ಮೀ., ಮ್ಯಾಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು ಕೂಡಸ್ಬೇಕು. 15 ಕಿ.ಮೀ. ದಾರಿ, 900 ಮೀಟರ್ ಏರು ಇದ್ರ ನಾಕೂವರಿ ತಾಸಾತು, ಅದೂ ಎಲ್ಲೂ ಕೂಡದಂಗ, ಚಾ ಕುಡೀದಂಗ. ನಮ್ಮಂಥವ್ರು ಅದಕ್ಕ ಅರ್ಧಾ ಮತ್ತ ಕೂಡಸ್ಬೇಕು. ನೀವು ಬಾದಾಮಿ ಅಗಸ್ತ್ಯ ಹೊಂಡದಿಂದ ಮ್ಯಾಲಿನ ಶಿವಾಲಯಕ್ಕ ಏರಿ ಇಳಿಯೂ ಮುಂದ ಫೋನಿನಾಗ ಜಿಪಿಎಸ್ ಹಚ್ಚಿ ರೆಕಾರ್ಡ್ ಮಾಡ್ರಿ, ಎಷ್ಟು ಮೀಟರಿಗೆ ಎಷ್ಟು ಹೊತ್ತು ಹಿಡೀತು ಅಂತ ಗೊತ್ತಾಗ್ತೈತಿ, ಜಗತ್ತಿನ ಯಾವ ದಾರಿನ ಆಗಲಿ ಆ ಲೆಕ್ಕದಾಗ ಅಳೀಬಹುದು.

ಹುಡುಕಾಕ ಓಪನ್ ಸ್ಟ್ರೀಟ್ ಮ್ಯಾಪ್ ಅನ್ನೂ ನಕ್ಷಾದ ಮ್ಯಾಲೆ ನಡಿಯೂ ಆ್ಯಪ್ ಅದಾವಲ್ಲ, ಅವು ಒಳ್ಳೇವು. ನಕ್ಷಾದಾಗ ಎತ್ತರ ತೋರಿಸೂ ಗೆರಿ ಹತ್ತ ಹತ್ತ ಇದ್ರ ಏರು ಕಡಿದು, ದೂರ ದೂರ ಇದ್ರ ಸಸಾರ. ಆಮ್ಯಾಲ ವಿಕಿಲಾಕ್ ಅನ್ನೂ ಆ್ಯಪ್ ಒಳಗ ಮಂದಿ ನಡದ ಟ್ರ್ಯಾಕ್ ಸಿಗ್ತಾವ, ಆದ್ರ ನೀವು ಹೋಗೂ ತಿಂಗಳದಾಗ, ಹೋದ ವರ್ಷ ಯಾರರೆ ಹೋಗ್ಯಾರೇನು ಅಂತ ನೋಡಿ ಓದ್ರಿ. ಐದು ವರ್ಷದ ಹಿಂದಿಂದು ಓದಿ ನಂಬಬ್ಯಾಡ್ರಿ, ಸೇತುವಿ ಹೋಗಿರ್ತೈತಿ, ಗುಡ್ಡ ಕುಸದಿರ್ತೈತಿ.

ಗುಮ್ಮಟದ_ಊರಾಕಿ (ವಿಜಯಪುರ)

ಟೀಚರ್ರ, ಮೇ ರಜಾದಾಗ ಆದ್ರ ನಾ ಕಣ್ಮುಚ್ಚಿ ಸ್ಪೇನಿನ ಕಮೀನೋ ಅಂತೀನಿ. ಸಂತ ಜೇಮ್ಸನ ಗುಡಿ ಇರೂ ಸ್ಯಾಂಟಿಯಾಗೋಕ್ಕ ನಡಕೋತ ಹೋಗೂ ಹಳೇ ಯಾತ್ರಾ ದಾರಿ ಅದು, ಫ್ರಾನ್ಸ್ ಗಡಿಯಿಂದ ಪೂರ್ತಿ ನಡದ್ರ ಸುಮಾರು 780 ಕಿ.ಮೀ., ಅಷ್ಟು ನಡೀಲೇಬೇಕು ಅಂತೇನಿಲ್ಲ. ಪೊನ್‌ಫೆರಾಡಾ ಅನ್ನೂ ಊರಿಂದ ಸುರು ಮಾಡಿದ್ರ ಸುಮಾರು 200, ಸಾರಿಯಾದಿಂದ ಆದ್ರ 115ರ ಆಜೂಬಾಜೂ. ಕಡೀ 100 ಕಿ.ಮೀ. ನಡದವ್ರಿಗೆ ಸರ್ಟಿಫಿಕೇಟ್ ಕೊಡ್ತಾರ, ಅದಕ್ಕ ಒಂದು ಪುಸ್ತಕ ಇರ್ತದ, ದಾರ್ಯಾಗ ಚರ್ಚು, ಚಾದಂಗಡಿ, ತಂಗೂ ಮನಿ ಎಲ್ಲಾ ಕಡಿಗೂ ಸಿಕ್ಕಾ ಒತ್ತಿಸ್ಕೊಂತ ಹೋಗೂದು.

ದಾರಿ ತಪ್ಪೂ ಮಾತೇ ಇಲ್ರಿ. ಗ್ವಾಡಿ ಮ್ಯಾಲ, ಕಲ್ಲಿನ ಮ್ಯಾಲ, ಲೈಟ್ ಕಂಬದ ಬುಡಕ ಹಳದಿ ಬಾಣ, ಅದನ್ನ ನೋಡ್ಕೋತ ಹೋದ್ರಾತು. ಅಲ್ಬೆರ್ಗೆ ಅಂತಾರ ಯಾತ್ರಿಕರ ವಸತಿಗೆ, ಒಂದೇ ಖೋಲ್ಯಾಗ ಮಂಚದ ಮ್ಯಾಲ ಮಂಚ, ಭಾಳ ಕಡಿ ಅಡಗಿಮನಿನೂ ಇರ್ತದ. ತತ್ತಿ ತಿನ್ನಲ್ಲ ಅಂದ್ರ ಹೋಟೆಲಿನಾಗ ಸ್ವಲ್ಪ ತ್ರಾಸೇ, ಅಲ್ಲಿಯವ್ರು ಟೋರ್ಟಿಯಾ ಅಂತ ಕೊಡೂದು ಬಟಾಟಿ ತತ್ತಿ ಕೂಡಿಸಿ ಮಾಡಿದ್ದು. ಆದ್ರ ಅಂಗಡ್ಯಾಗ ಅಕ್ಕಿ, ಬ್ಯಾಳಿ, ಟೊಮೆಟೊ ಎಲ್ಲಾ ಸಿಗ್ತಾವ, ಬ್ಯಾಗಿನಾಗ ಶೇಂಗಾ ಹಿಂಡಿ ಗುರೆಳ್ಳು ಹಿಂಡಿ ಇದ್ರ ಸಂಜೀಕ ನಿಮ್ಮ ಊಟ ನೀವೇ ಮಾಡ್ಕೋಬಹುದು, ಬಾಜೂದವ್ರಿಗೂ ಕೊಡಬಹುದು.

ನಮ್ಮ ಅಪ್ಪಾರು ಯುಗಾದಿಗೆ ಮಲ್ಲಯ್ಯನ ಕಂಬಿ ಜೋಡಿ ಶ್ರೀಶೈಲಕ್ಕ ನಡಕೋತ ಹೋಗೋರು. ಬಿಸಲಾಗ ಬರೋರಿಗೆ ದಾರಿ ಊರವ್ರು ಕರದು ನೀರು, ಮಜ್ಜಿಗಿ, ಪ್ರಸಾದ ಕೊಡ್ತಾರ, ನಲ್ಲಮಲ ಕಾಡಿನಾಗ ಭೀಮನ ಕೊಳ್ಳ ಏರೂ ಮುಂದ ಗುರ್ತಿಲ್ದವ್ರು ಕೈ ಹಿಡದು ಹತ್ತಿಸ್ತಾರ. ಕಮೀನೋದಾಗ ನನಗ ಅದೇ ಕಂಡಿತ್ತು. ನನ್ನ ಕಾಲಾಗ ಗುಳ್ಳಿ ಎದ್ದಾಗ ಭಾಷಾನೇ ಬರದ ಒಬ್ಬ ಅಜ್ಜಿ ಕೂಡಿಸ್ಕೊಂಡು, ಸೂಜಿ ದಾರ ತಗದು, ಹತ್ತಿ ಇಟ್ಟು ಪಟ್ಟಿ ಕಟ್ಟಿ ಕಳಿಸಿದ್ರು. ಟಾಪ್ 10 ಪಟ್ಟ್ಯಾಗ ಗುಡ್ಡದ ಫೋಟೋ ಹಾಕ್ತಾರ, ಇದನ್ನ ಹಾಕಂಗಿಲ್ಲ. ಬುರ್ಗೋಸ್ ದಾಟಿದ ಮ್ಯಾಲ ಮೆಸೇಟಾ ಅಂತ ಬಯಲು ಬರ್ತದ, ದಿನಗಟ್ಲೆ ಗೋದಿ ಹೊಲಾ, ನೆಳ್ಳಿಲ್ಲ, ಮಂದಿ ಬಸ್ ಹತ್ತಿ ಅದನ್ನ ಬಿಟ್ಟು ಹೋಗ್ತಾರ. ಎರಿ ಹೊಲದಾಗ ಬೆಳದ ನನಗ ಎಲ್ಲಾಕ್ಕಿಂತ ಅದೇ ಹೆಚ್ಚಿಗಿ ಹಿಡಿಸ್ತು.

ಒಂದೇ ಮಾತು, ಸ್ಪೇನಿಗೆ ಬೇಕಾಗೂ ಷೆಂಗೆನ್ ವೀಸಾಕ್ಕ ಮೊದಲೇ ಓಡಾಡ್ರಿ, ಬ್ಯಾಸಗಿ ಸಮೀಪ ಬಂದ್ರ ಅಪಾಯಿಂಟ್ಮೆಂಟ್ ಸಿಗೂದು ಕಷ್ಟ ಆಗ್ತದ.

ಘಟಪ್ರಭಾ_ದಂಡಿ (ಗೋಕಾಕ)

ಮ್ಯಾಲಿನ ಅಕ್ಕಾರು ಹೇಳಿದ್ದು ಚಂದ ಐತಿ, ಆದ್ರ ಮೊದಲ್ನೇ ಸಲಕ್ಕ ವೀಸಾ, ವಿಮಾನ ಅಂತ ಅಷ್ಟು ರೊಕ್ಕ ಯಾಕ ಹಾಕ್ತೀರಿ? ದಸರಾ ರಜೆ ಐತಲ್ಲ, ನೇಪಾಳಕ್ಕ ಹೋಗ್ರಿ. ಮಳಿ ಹೊಳ್ಳಿ ಹೋಗಿ ಆಕಾಶ ತಿಳಿಯಾಗಿರೂ ಹೊತ್ತದು, ನಮಗ ವೀಸಾ ಬ್ಯಾಡ. ಪೋಖರಾದಿಂದ ಘೋರೆಪಾನಿ, ಪೂನ್ ಹಿಲ್, ನಾಕೈದು ದಿನದ ದಾರಿ, ಪೂನ್ ಹಿಲ್ ಎತ್ತರ 3,210 ಮೀಟರ್. ಬೆಳಕು ಹರಿಯೂ ಹೊತ್ತಿಗೆ ಮ್ಯಾಲೆ ನಿಂತ್ರ ಧವಳಗಿರಿ, ಅನ್ನಪೂರ್ಣ ಸೌತ್, ಮಚ್ಛಪುಛರೆ ಸಾಲಾಗಿ ಕಾಣ್ತಾವ. ಮಚ್ಛಪುಛರೆ ಅಲ್ಲಿಯವ್ರಿಗೆ ದೇವರ ಗುಡ್ಡ, ಹತ್ತಾಕ ಯಾರಿಗೂ ಬಿಡಂಗಿಲ್ಲ. ಎಲ್ಲಾ ಊರಾಗೂ ಟೀ ಹೌಸ್ ಅಂತ ತಂಗೂ ಮನಿ ಅದಾವ, ಟೆಂಟ್ ಬ್ಯಾಡ, ಎರಡೂ ಹೊತ್ತು ಬ್ಯಾಳಿ ಅನ್ನ ಪಲ್ಯಾ, ಮುಗದಂಗ ಮತ್ತ ನೀಡ್ತಾರ. ವೆಜ್ ಮಂದಿಗೆ ಇದಕ್ಕಿಂತ ಸುಖ ಎಲ್ಲೂ ಇಲ್ಲ ಅನ್ನೂದು ನನ್ನ ಅಭಿಪ್ರಾಯ. ಅನ್ನಪೂರ್ಣ ಪರ್ಮಿಟ್ ಬೇಕು, ನಮ್ಮಂಥ ಸಾರ್ಕ್ ದೇಶದವ್ರಿಗೆ ದರ ಕಡಿಮಿ. 2023ರಾಗ ಗೈಡ್ ಕಡ್ಡಾಯ ಅಂತ ನಿಯಮ ತಂದಾರ, ಮೊದಲ್ನೇ ಸಲ ಹೋಗೋರು ಹೆಂಗೂ ಒಬ್ರನ್ನ ಕರಕೊಂಡೇ ಹೋಗ್ರಿ.

ಸುಮಾರು 2,500 ಮೀಟರ್ ದಾಟಿದ ಮ್ಯಾಲೆ ಗಾಳಿ ತೆಳ್ಳಗಾಗ್ತೈತಿ, ಎಷ್ಟೇ ಗಟ್ಟಿಮುಟ್ಟ ಇದ್ರೂ ತಲಿ ನೋವು, ವಾಕರಿಕಿ ಬರಬಹುದು. ಅದು ಬಂತಂದ್ರ ಮ್ಯಾಲೆ ಹೋಗಬಾರದು, ಕಡಿಮಿ ಆಗ್ಲಿಲ್ಲಂದ್ರ ಕೆಳಗ ಇಳೀಬೇಕು. ಪೂನ್ ಹಿಲ್ಲಿನಾಗ ಮಲಗೂದು ಅದರ ಕೆಳಗ ಘೋರೆಪಾನಿದಾಗ, ಹಂಗಾಗಿ ಈ ಕಾಟ ಕಡಿಮಿ. ಮುಂದ 4,130 ಮೀಟರಿನ ಅನ್ನಪೂರ್ಣ ಬೇಸ್ ಕ್ಯಾಂಪಿಗೆ ಹೋಗೂದಿದ್ರ ಮಾತ್ರ ದಿನ ಹೆಚ್ಚಿಗಿ ಇಟ್ಕೋರಿ.

ನವನಗರ_ಟೀಚರ್ (ಬಾಗಲಕೋಟಿ)

ಎಲ್ಲಾರಿಗೂ ಭಾಳ ಭಾಳ ಧನ್ಯವಾದ ರೀ. ಅಣ್ಣಾರು ಹೇಳಿದಂಗ ಕ್ಯಾಲೆಂಡರ್ ಮುಂದಿಟ್ಕೊಂಡು ಕುಂತ್ವಿ, ದಸರಾಕ್ಕ ಪೂನ್ ಹಿಲ್ ಅಂತ ಇಬ್ರೂ ಒಪ್ಪೇವಿ, ಕಮೀನೋ ಮುಂದಿನ ಮೇಕ್ಕ ಇಟ್ಕೊಂಡೇವಿ. ಆದ್ರ ಉಲ್ಲೇರಿ ಅನ್ನೂ ಕಡೆ ಮೂರು ಸಾವಿರಕ್ಕೂ ಹೆಚ್ಚು ಕಲ್ಲಿನ ಮೆಟ್ಲು ಅದಾವ ಅಂತ ಓದೀನಿ, ಮೊಣಕಾಲಿನ ಚಿಂತಿ ಸುರು ಆಗೇತಿ.

ಕುಂದಾನಗರಿ_ನಡಿಗಿ (ಬೆಳಗಾವಿ)

ಈಗ ಉಲ್ಲೇರಿ ತನಕ ಜೀಪು ಹೋಗ್ತಾವ್ರಿ, ಮೆಟ್ಲು ಬ್ಯಾಡಂದ್ರ ಅಲ್ಲಿಂದನ ಸುರು ಮಾಡ್ರಿ. ಮೊಣಕಾಲು ಮೊದಲ ಒಮ್ಮೆ ಡಾಕ್ಟರಿಗೆ ತೋರಸ್ರಿ. ಎರಡು ಕೋಲು ತಗೋರಿ, ಇಳಿಯೂ ಮುಂದ ಕೋಲು ಸ್ವಲ್ಪ ಉದ್ದ ಮಾಡಿ, ಕಾಲಿಗಿಂತ ಮೊದಲ ಕೋಲು ಊರ್ಬೇಕು, ಹೆಜ್ಜಿ ಸಣ್ಣು ಇಡ್ಬೇಕು. ಬೂಟಿನ ಲೇಸ್ ಪಾದದ ಕಡೆ ಸಡಲ, ಹಿಂಬಡದ ಕಡೆ ಬಿಗಿ. ಹೊಸಾ ಬೂಟು ಈಗ ತಗೊಂಡು ಈಗಿಂದನ ಹಾಕ್ಕೊಂಡು ಅಡ್ಡಾಡ್ರಿ, ಉಗುರು ತಗಸ್ರಿ, ಇಲ್ಲಾಂದ್ರ ಇಳಿಯೂ ಮುಂದ ಬಟ್ಟು ಬೂಟಿಗೆ ಬಡದು ಕರ್ರಗಾಗ್ತಾವ.

ರೂಢಿಗೆ ನಿಮಗ ದೂರ ಹೋಗೂ ಜರೂರಿಲ್ಲ. ಬ್ಯಾಗಿನಾಗ ನೀರಿನ ಬಾಟ್ಲಿ ತುಂಬಿ ಐದಾರು ಕಿಲೋ ಮಾಡ್ಕೊಂಡು ಬಾದಾಮಿಯಿಂದ ಮಹಾಕೂಟಕ್ಕ ಗುಡ್ಡದ ಮ್ಯಾಲಿನ ಹಳೇ ಕಾಲುದಾರಿ ಹಿಡೀರಿ, ಇನ್ನೊಂದು ವಾರ ಸಿಡಿಲಫಡಿ ಕಡೆ ಹೋಗ್ರಿ, ಆದಿಮಾನವರ ಬಣ್ಣದ ಚಿತ್ರಾನೂ ನೋಡ್ದಂಗಾತು. ಬೆಳಗಾವಿ ಕಡೆ ಬಂದ್ರ ಯಳ್ಳೂರ ರಾಜಹಂಸಗಡ ಐತಿ. ಭೀಮಗಡದ ಕಾಡಿಗೆ ಮಾತ್ರ ಅರಣ್ಯ ಇಲಾಖೆ ಪರ್ಮಿಷನ್ ಇಲ್ದ ಕಾಲಿಡಬ್ಯಾಡ್ರಿ, 2011ರಿಂದ ಅದು ವನ್ಯಜೀವಿ ಧಾಮ. ಮತ್ತ ಬಾದಾಮ್ಯಾಗ ಬಿಸಲು ಏರೂದ್ರೊಳಗ ಕೆಳಗ ಇಳೀರಿ, ಆ ಕಲ್ಲು ಹತ್ತು ಗಂಟೆಕ್ಕ ಕಾಯಾಕ ಹತ್ತತಾವ. ಮಂಗ್ಯಾ ನಿಮಗ ಗೊತ್ತೇ ಅದಾವ, ಬುತ್ತಿ ಕೈಯಾಗ ಹಿಡೀಬ್ಯಾಡ್ರಿ.