‘ಮಾಸ್ ಅಸೈನ್‌ಮೆಂಟ್’ಗೆ ‘ಸಗಟು ಭರ್ತಿ’ ಅನ್ನಬಹುದೇ?

ನಮಸ್ಕಾರ. ವೆಬ್ ಪ್ರೋಗ್ರಾಮಿಂಗ್ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಮಾಸ್ ಅಸೈನ್‌ಮೆಂಟ್’, ಅಂದರೆ ಫಾರಂನಿಂದ ಬಂದದ್ದನ್ನೆಲ್ಲ ಒಂದೇ ಸಲಕ್ಕೆ ಡೇಟಾಬೇಸ್‌ನ ಸಾಲಿಗೆ ತುಂಬುವುದು, ಇದರ ಹತ್ತಿರ ಬಂದು ಕೈ ನಿಂತಿದೆ.

ವಿಷಯ ಇಷ್ಟು. ಪ್ರೊಫೈಲ್ ಬದಲಿಸುವ ಫಾರಂನಲ್ಲಿ ಹೆಸರು, ಫೋನ್ ಎರಡೇ ಕಾಲಂ ಕಾಣುತ್ತವೆ. ಡೇಟಾಬೇಸ್‌ನ ಅದೇ ಸಾಲಿನಲ್ಲಿ ‘ಅಡ್ಮಿನ್: 0’ (ಅಂದರೆ ಇವರು ಅಡ್ಮಿನ್ ಅಲ್ಲ) ಅಂತ ಇನ್ನೊಂದು ಇರುತ್ತದೆ. ಬಂದದ್ದನ್ನೆಲ್ಲ ಪ್ರೋಗ್ರಾಂ ನೋಡದೆ ತುಂಬಿಕೊಂಡರೆ, ‘ಅಡ್ಮಿನ್: 1’ ಎಂದು ಸೇರಿಸಿ ಕಳಿಸಿದವರೇ ಯಜಮಾನರು. 2012ರ ಮಾರ್ಚ್‌ನಲ್ಲಿ, ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಇಂಥದ್ದೇ ಆಯಿತು. ಎಗೋರ್ ಹೊಮಕೋವ್ ಎಂಬವರು ತಮ್ಮ ಕೀಯನ್ನು (ಖಾತೆಯೊಳಗೆ ಬಿಡುವ ಡಿಜಿಟಲ್ ಗುರುತನ್ನು) ರೈಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್‌ನ ತಂಡದ ಖಾತೆಗೆ ಸೇರಿಸಿ ತೋರಿಸಿದರು. 2013ರ ರೈಲ್ಸ್ 4ರಲ್ಲಿ, ‘ಪರ್ಮಿಟ್’ ಎಂದು ಹೆಸರಿಸಿದ ಕಾಲಂ ಮಾತ್ರ ಒಳಗೆ ಹೋಗುವಂತೆ ಮಾಡಿದರು.

ಈಗ ಪದಕ್ಕೆ ಬರೋಣ. ‘ಸಾಮೂಹಿಕ ನಿಯೋಜನೆ’ ನನಗೆ ಒಪ್ಪಿಗೆಯಿಲ್ಲ. ಕೇಳಿದ ತಕ್ಷಣ ಚುನಾವಣಾ ಕೆಲಸಕ್ಕೆ ಹಾಕಿದ ಮೇಷ್ಟ್ರುಗಳೇ ಕಣ್ಮುಂದೆ ಬರುತ್ತಾರೆ, ಅಲ್ವಾ? ನಾವು ಅರ್ಜಿಯನ್ನು ‘ಭರ್ತಿ ಮಾಡುತ್ತೇವೆ’. ಹಾಗಾಗಿ ‘ಸಗಟು ಭರ್ತಿ’ ಸಲೀಸು ಅನ್ನಿಸಿತು. ಲಾರಾವೆಲ್ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನಲ್ಲಿ, ಹೀಗೆ ತುಂಬಲು ಒಪ್ಪಿಗೆಯಿರುವ ಕಾಲಂಗಳಿಗೆ ‘ಫಿಲ್ಲಬಲ್’ ಎನ್ನುತ್ತಾರೆ; ಅದಕ್ಕೂ ‘ಭರ್ತಿಗೆ ಬಿಟ್ಟ ಕಾಲಂ’ ಅನ್ನಬಹುದು.

ತೊಡಕು ಅದರ ಜೋಡಿ ಪದ ‘ಗಾರ್ಡೆಡ್’ನಲ್ಲಿದೆ, ಅಂದರೆ ಹಾಗೆ ತುಂಬಲು ಬಿಡದ ಕಾಲಂ. ಕೆಲವರು ‘ಓದಲು ಮಾತ್ರ’ ಎಂದು ಬರೆಯುತ್ತಾರೆ. ಅದು ತಪ್ಪು ದಾರಿ ಹಿಡಿಸುತ್ತದೆ. ಅಡ್ಮಿನ್ ಕಾಲಂ ಅನ್ನು ಪ್ರೋಗ್ರಾಂ ತಾನೇ ಬರೆಯುತ್ತದೆ, ಬದಲಿಸುತ್ತದೆ. ಹೊರಗಿನಿಂದ ಬಂದದ್ದನ್ನು ಹಾಗೇ ತುಂಬಿಕೊಳ್ಳುವುದಿಲ್ಲ, ಅಷ್ಟೇ. ಇದಕ್ಕೆ ಸರಿಯಾದ ಮಾತು ನಮ್ಮ ಅರ್ಜಿಗಳ ಕೆಳಗೇ ಅಚ್ಚಾಗಿದೆ: ‘ಕಚೇರಿ ಉಪಯೋಗಕ್ಕೆ ಮಾತ್ರ’. ಯಾರು ಬರೆಯಬೇಕು, ಯಾರು ಬರೆಯಬಾರದು, ಎರಡೂ ಅದರಲ್ಲಿವೆ. ಅಲ್ಲಿ ನಾವು ಏನಾದರೂ ಗೀಚಿದರೆ ಗುಮಾಸ್ತರು ಹೊಡೆದು ಹಾಕುತ್ತಾರೆ. ಪ್ರೋಗ್ರಾಂಗೆ ಹೇಳದಿದ್ದರೆ ಅದು ಹಾಗೇ ತೆಗೆದುಕೊಂಡುಬಿಡುತ್ತದೆ. ವಿದ್ಯಾರ್ಥಿಗಳಿಗೆ ಈ ಒಂದು ಹೋಲಿಕೆಯಿಂದ ಇಡೀ ಪಾಠ ತಿಳಿಯುತ್ತದೆ ಎಂಬ ನಂಬಿಕೆ ನನ್ನದು.

ಆದರೆ ಮೂರು ಪದ ಪದೇ ಪದೇ ಬರೆಯಲು ಉದ್ದವಾಯಿತು. ‘ಕಚೇರಿ ಕಾಲಂ’ ಅಂದರೆ ಸಾಕೇ? ಸುಮ್ನೆ ‘ಒಳಗಾಲಂ’ ಅಂತಲೂ ಬರೆದು ನೋಡಿದೆ, ನಾಲಿಗೆಗೆ ಹತ್ತಲಿಲ್ಲ. ಇನ್ನೊಂದು ಅನುಮಾನ: ‘ಸಗಟು’ ಕೇಳಿದರೆ ನಿಮಗೆ ಮಂಡಿ ವ್ಯಾಪಾರ ಜಾಸ್ತಿ ನೆನಪಾಗುತ್ತದೆಯೇ? ಹಾಗಿದ್ದರೆ ‘ಒಟ್ಟು ಭರ್ತಿ’ ವಾಸಿಯೇ? ಪಾಠ ಬರೆದವರು, ಕೋಡ್ ಬರೆಯುವವರು ಇಬ್ಬರೂ ಹೇಳಿ.