ಪ್ರಶ್ನೋತ್ತರ: ದಿನಕ್ಕೆ 14 ಕಿ.ಮೀ. ಓಡುವ ಮನೆಗೆ ಡೀಸೆಲ್ ಕಾರು ಬೇಕೇ?

ಪ್ರಶ್ನೆ (ಹೆಗಡೆ, ಶಿರಸಿ ತಾಲೂಕು):
ಹಳೆಯ ಡೀಸೆಲ್ ಕಾರಿಗೆ ಹದಿಮೂರು ವರ್ಷ ಆಯ್ತು, ಬದಲಿಸಬೇಕು. ದಿನದ ಓಡಾಟ ಮನೆಯಿಂದ ಪೇಟೆ, ಸೊಸೈಟಿ, ಮಕ್ಕಳ ಶಾಲೆ: ಹೋಗಿ ಬಂದು 14 ಕಿ.ಮೀ. ತಿಂಗಳಿಗೆ ಎರಡು ಮೂರು ಸಲ ದೇವಿಮನೆ ಘಟ್ಟ ಇಳಿದು ಕುಮಟಾ, ಇಲ್ಲದಿದ್ರೆ ಹುಬ್ಬಳ್ಳಿ. ಒಟ್ಟು ಸಾವಿರ ಕಿ.ಮೀ. ಹಿಡೀರಿ. ನೋಡಿಟ್ಟ ಕಾರು ಪೆಟ್ರೋಲಿನಲ್ಲಿ 9.60 ಲಕ್ಷ, ಡೀಸೆಲ್ಲಿನಲ್ಲಿ 10.80 ಲಕ್ಷ, ಎರಡೂ ಎಕ್ಸ್ ಶೋರೂಮ್ (ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಬೆಲೆ). ಘಟ್ಟಕ್ಕೆ ಡೀಸೆಲ್ಲೇ ಸೈ ಅಂತ ಎಲ್ಲರೂ ಹೇಳ್ತಾರೆ. ಸಾಲ 8 ಲಕ್ಷ ಬೇಕು. ಶೋರೂಮಿನ ಫೈನಾನ್ಸಿನವರು 5.5% ಅಂತಾರೆ, ಬ್ಯಾಂಕಿನವರು 9%. ಯಾವುದು ಒಳ್ಳೇದು?

ಉತ್ತರ (ಗ್ಯಾರೇಜ್, ಕುಮಟಾ):
ಹೆಗಡೆಯವರೇ, ನಿಮ್ಮ ಓಡಾಟಕ್ಕೆ ಪೆಟ್ರೋಲ್. ಮೊದಲು ಲೆಕ್ಕ ನೋಡಿ. ಬೆಲೆಯಲ್ಲಿ ವ್ಯತ್ಯಾಸ 1.20 ಲಕ್ಷ ಅಂತ ಕಾಣ್ತದೆ, ಆದರೆ ಅದು ಅಲ್ಲಿಗೇ ನಿಲ್ಲೋದಿಲ್ಲ. ಕರ್ನಾಟಕದಲ್ಲಿ ಆಜೀವ ತೆರಿಗೆ 5ರಿಂದ 10 ಲಕ್ಷದವರೆಗಿನ ಕಾರಿಗೆ 14%, ಅದು ದಾಟಿ 20 ಲಕ್ಷದವರೆಗೆ 17%, ಅದೂ ಇಡೀ ಬೆಲೆಗೆ. ತೆರಿಗೆಯ ಮೇಲೆ ಮತ್ತೆ 11% ಸೆಸ್. ಹಾಗಾಗಿ ಪೆಟ್ರೋಲಿಗೆ ತೆರಿಗೆ ಸುಮಾರು 1.49 ಲಕ್ಷ, ಡೀಸೆಲ್ಲಿಗೆ 2.04 ಲಕ್ಷ. ರಸ್ತೆಗೆ ಇಳಿಯುವಾಗ ಅಂತರ 1.75 ಲಕ್ಷ ಆಗಿರ್ತದೆ, ಇನ್ಶೂರೆನ್ಸ್ ಬೇರೆ.

ಇದನ್ನು ಎಣ್ಣೆ ಉಳಿತಾಯದಲ್ಲಿ ವಾಪಸ್ ಪಡೀಬೇಕು. ಪೆಟ್ರೋಲ್ ಲೀಟರಿಗೆ 103 ರೂ., 15 ಕಿ.ಮೀ.; ಡೀಸೆಲ್ 91 ರೂ., 20 ಕಿ.ಮೀ. ಅಂತ ಇಟ್ಟುಕೊಂಡರೆ ಕಿಲೋಮೀಟರಿಗೆ 6.87 ಮತ್ತು 4.55. ಉಳಿಯೋದು 2.32 ರೂಪಾಯಿ. 1.75 ಲಕ್ಷ ಹುಟ್ಟಬೇಕಾದರೆ 75,000 ಕಿ.ಮೀ. ಓಡಬೇಕು. ನಿಮಗೆ ಆರು ವರ್ಷಕ್ಕೂ ಮೇಲೆ. ತಿಂಗಳಿಗೆ 2500 ಓಡಿಸುವವರಿಗೆ ಎರಡೂವರೆ ವರ್ಷದಲ್ಲಿ ಮುಗೀತದೆ. ಅವರು ಕಣ್ಣು ಮುಚ್ಚಿ ಡೀಸೆಲ್ ತಗೊಳ್ಳಲಿ.

ಎಣ್ಣೆ ಲೆಕ್ಕಕ್ಕಿಂತ ನನಗೆ ದೊಡ್ಡದಾಗಿ ಕಾಣೋದು ನಿಮ್ಮ ಏಳು ಕಿಲೋಮೀಟರಿನ ಓಟ. ನಿಮ್ಮ ಹಳೇ ಗಾಡಿಯ ಅನುಭವವನ್ನು 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ಲಿಗೆ ಹಚ್ಚಬೇಡಿ. ಇದರ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಇದೆ. ಹಿಡಿದ ಮಸಿ ಓಟದ ಬಿಸಿಗೆ ಆಗಾಗ ಸುಟ್ಟು ಹೋಗಬೇಕು, ಇಲ್ಲದಿದ್ರೆ ಫಿಲ್ಟರ್ ಕಟ್ಟಿಕೊಳ್ತದೆ. ಇಂಜಿನ್ ಸರಿಯಾಗಿ ಬಿಸಿ ಆಗೋದ್ರೊಳಗೆ ನೀವು ಪೇಟೆ ಮುಟ್ಟಿ ಆಫ್ ಮಾಡಿರ್ತೀರಿ. ಮಸಿ ಸುಡೋದೇ ಇಲ್ಲ.

ಘಟ್ಟದ ಮಾತು ಸುಳ್ಳಲ್ಲ. ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಕೊಡುವ ಯಂತ್ರ) ಇಲ್ಲದ 1.2 ಲೀಟರ್ ಪೆಟ್ರೋಲ್ ಇಂಜಿನ್ ಐದು ಜನ, ಲಗೇಜು, ಎಸಿ ಹಾಕಿಕೊಂಡು ದೇವಿಮನೆಯಲ್ಲಿ ಎರಡನೇ ಗೇರ್ ಕೇಳ್ತದೆ. ಟರ್ಬೊ ಪೆಟ್ರೋಲ್ ಆರಾಮಾಗಿ ಹತ್ತುತ್ತದೆ, ಎಣ್ಣೆ ಸ್ವಲ್ಪ ಜಾಸ್ತಿ ಕುಡೀತದೆ. ಟೆಸ್ಟ್ ಡ್ರೈವಿಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಏರು ಹತ್ತಿಸಿ ನೋಡಿ. ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಏನೂ ತಿಳಿಯೋದಿಲ್ಲ.

ಉತ್ತರ (ವಾಹನ ಸಾಲ ವಿಭಾಗ, ಬ್ಯಾಂಕ್):
5.5% ಅಂದರೆ ‘ಫ್ಲಾಟ್’ ದರವೇ ಅಂತ ಕೇಳಿ. ಫ್ಲಾಟ್ ಆದರೆ ಅಸಲು ಕಡಿಮೆಯಾಗ್ತಾ ಹೋದರೂ ಬಡ್ಡಿ ಪೂರ್ತಿ 8 ಲಕ್ಷಕ್ಕೇ ಬೀಳ್ತದೆ: ಐದು ವರ್ಷಕ್ಕೆ 2.20 ಲಕ್ಷ, ಕಂತು 17,000. ಬ್ಯಾಂಕಿನ 9% ಬಾಕಿ ಅಸಲಿನ ಮೇಲೆ: ಕಂತು 16,600 ಚಿಲ್ಲರೆ, ಬಡ್ಡಿ 1.96 ಲಕ್ಷ. ಬಾಕಿ ಅಸಲಿನ ಲೆಕ್ಕಕ್ಕೆ ತಂದರೆ ಆ 5.5% ಹತ್ತಿರ ಹತ್ತಿರ 10% ಆಗ್ತದೆ. ದರ ಕೇಳಬೇಡಿ ಸರ್, ಕಂತು ಎಷ್ಟು, ಒಟ್ಟು ಕಟ್ಟೋದು ಎಷ್ಟು ಅಂತ ಬರೆಸಿಕೊಳ್ಳಿ.

ಏಳು ವರ್ಷಕ್ಕೆ ಹಾಕಿದರೆ ಕಂತು 12,900ಕ್ಕೆ ಇಳೀತದೆ, ಬಡ್ಡಿ 2.81 ಲಕ್ಷಕ್ಕೆ ಏರ್ತದೆ. ಅಡಿಕೆ ಹಣ ಬಂದಾಗ ಒಟ್ಟಿಗೆ ಕಟ್ಟುವ ಯೋಚನೆ ಇದ್ದರೆ ಫ್ಲೋಟಿಂಗ್ (ಕಾಲಕಾಲಕ್ಕೆ ಬದಲಾಗುವ) ದರದ ಸಾಲವೇ ತಗೊಳ್ಳಿ. ಸ್ವಂತ ಬಳಕೆಯ ಫ್ಲೋಟಿಂಗ್ ಸಾಲ ಮುಂಚೆ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಭಾಗಶಃ ಕಟ್ಟುವಾಗ ‘ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ’ ಅಂತ ಅರ್ಜಿಯಲ್ಲೇ ಬರೀರಿ. ಸಾಲ ತೀರಿದ ಮೇಲೆ ಎನ್‌ಒಸಿ ಮತ್ತು ಫಾರ್ಮ್ 35 (ಸಾಲ ತೀರಿತು ಅಂತ ಬ್ಯಾಂಕಿನ ಸಹಿ ಇರುವ ಅರ್ಜಿ) ತಗೊಂಡು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಬ್ಯಾಂಕಿನ ಹೆಸರು ತೆಗೆಸಿ. ಇದನ್ನು ಮರೆತವರು ಗಾಡಿ ಮಾರುವಾಗ ಓಡಾಡ್ತಾರೆ.

ಪ್ರಶ್ನೆ (ನಾಯ್ಕ, ಕೋಡಿಬಾಗ, ಕಾರವಾರ):
ನಾನು ಆಗಲೇ ಬಿಎಸ್6 ಡೀಸೆಲ್ ತಗೊಂಡಾಗಿದೆ, ಸೆಕೆಂಡ್ ಹ್ಯಾಂಡ್. ಮನೆಯಿಂದ ಆಫೀಸಿಗೆ ಮೂರು ಕಿ.ಮೀ. ಡಿಪಿಎಫ್ ಲೈಟು ಆಗಾಗ ಬರ್ತದೆ. ಒಬ್ಬರು ಅದನ್ನು ಕಿತ್ತು ಪೈಪ್ ಹಾಕಿಕೊಡ್ತೇನೆ ಅಂತಾರೆ.

ಉತ್ತರ (ಗ್ಯಾರೇಜ್, ಕುಮಟಾ):
ಕೀಳಿಸಬೇಡಿ ನಾಯ್ಕರೇ. ಅದು ಕಾನೂನಿಗೆ ವಿರುದ್ಧ, ವಾರಂಟಿ ಇದ್ದರೆ ಅದೂ ಹೋಗ್ತದೆ.

ಬರೀ ಲೈಟು ಬಂದಿದ್ದು, ಗಾಡಿಯ ಎಳೆತ ಸರಿ ಇದ್ದರೆ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಹೆದ್ದಾರಿ 66ರಲ್ಲಿ ಅಂಕೋಲಾ ಕಡೆ ಹೊರಡಿ. ಇಂಜಿನ್ ಬಿಸಿಯಾದ ಮೇಲೆ ವೇಗ 60ರ ಮೇಲೆ, ಆರ್‌ಪಿಎಂ 2000ದಿಂದ 2500 ಇರುವ ಹಾಗೆ ಒಂದು ಗೇರ್ ಕೆಳಗೇ ಇಟ್ಟು 15–20 ನಿಮಿಷ ಒಂದೇ ಸಮ ಓಡಿಸಿ. ಟಾಕಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಮಸಿ ಸುಡಲು ಫಿಲ್ಟರಿಗೆ 600 ಡಿಗ್ರಿ ಹತ್ತಿರ ಶಾಖ ಬೇಕು. ಅದಕ್ಕಾಗಿ ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸ್ತದೆ. ನಡುವೆ ಆಫ್ ಮಾಡ್ತಾ ಹೋದರೆ ಆ ಡೀಸೆಲ್ ಸಿಲಿಂಡರ್ ಗೋಡೆಗುಂಟ ಇಳಿದು ಇಂಜಿನ್ ಆಯಿಲ್ ಸೇರ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಮೇಲಿನ ಗುರುತು ದಾಟಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ, ಸರ್ವೀಸ್ ದಿನಾಂಕ ಕಾಯದೆ ಬದಲಿಸಿ. ತೆಳುವಾದ ಆಯಿಲ್ ಮೊದಲು ತಿನ್ನೋದು ಟರ್ಬೊ ಬೇರಿಂಗನ್ನು. ಹಾಕುವ ಆಯಿಲ್ ಕಡಿಮೆ ಬೂದಿಯದ್ದಾಗಿರಬೇಕು, ಯಾವ ದರ್ಜೆ ಅಂತ ಮ್ಯಾನ್ಯುವಲ್‌ನಲ್ಲಿ ಇರ್ತದೆ. ಮಸಿ ಸುಟ್ಟು ಹೋಗ್ತದೆ, ಬೂದಿ ಫಿಲ್ಟರಿನಲ್ಲೇ ಉಳೀತದೆ.

ನಿಲ್ಲಿಸಿದಾಗ ಐಡ್ಲಿಂಗ್ ಸ್ವಲ್ಪ ಏರಿದ್ದು, ಕೀ ತೆಗೆದ ಮೇಲೂ ಫ್ಯಾನ್ ಜೋರಾಗಿ ತಿರುಗ್ತಾ ಸುಟ್ಟ ವಾಸನೆ ಬಂದರೆ ಸುಡುವ ಕೆಲಸ ಅರ್ಧಕ್ಕೆ ನಿಂತಿದೆ ಅಂತ. ಮತ್ತೆ ಸ್ಟಾರ್ಟ್ ಮಾಡಿ ಒಂದಷ್ಟು ದೂರ ಹೋಗಿ ಬನ್ನಿ. ಲೈಟು ಮಿನುಗಿದರೆ, ಜೊತೆಗೆ ಇಂಜಿನ್ ಲೈಟೂ ಬಂದು ಎಳೆತ ಕಮ್ಮಿಯಾದರೆ ಓಡಿಸಬೇಡಿ, ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಯೇ ಮಸಿ ಸುಡಿಸಬೇಕು.

ಪ್ರಶ್ನೆ (ಹೆಗಡೆ):
ಪೆಟ್ರೋಲೇ ಆಯ್ತು ಹಾಗಾದರೆ. ಮಳೆಗಾಲಕ್ಕೆ ಏನು ಜಾಗ್ರತೆ?

ಉತ್ತರ (ಗ್ಯಾರೇಜ್, ಕುಮಟಾ):
ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರ್ತದೆ, ಅದು ನೀರು ಹೀರ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಟಾಕಿ ಅರ್ಧಕ್ಕಿಂತ ಕೆಳಗೆ ಬಿಟ್ಟು ವಾರಗಟ್ಟಲೆ ನಿಲ್ಲಿಸಬೇಡಿ. ರಾತ್ರಿ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬದಲು ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಥಂಡಿಗೆ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಳ್ತದೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ನೀರು ಹೀರಿದ ಫ್ಲೂಯಿಡ್ ಘಟ್ಟ ಇಳಿಯುವಾಗ ಕುದಿದು ಪೆಡಲ್ ಟುಸ್ ಅಂತ ಕೆಳಗೆ ಹೋಗ್ತದೆ. ದೇವಿಮನೆಯಲ್ಲಿ ಎರಡು-ಮೂರನೇ ಗೇರಿನಲ್ಲೇ ಇಳೀರಿ, ನ್ಯೂಟ್ರಲ್ ಬೇಡವೇ ಬೇಡ.

ಬಾಗಿಲ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರ್ತವೆ, ಎಲೆ-ಮಣ್ಣು ತುಂಬಿದ್ದರೆ ಕಡ್ಡಿ ಹಾಕಿ ಬಿಡಿಸಿ. ನಾಯ್ಕರೇ, ನಿಮ್ಮಲ್ಲಿ ಉಪ್ಪುಗಾಳಿ. ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಲ್ಲಿ ಗಾಡಿಯ ಅಡಿ ತೊಳೆಸಿ. ಡೀಸೆಲ್ ಫಿಲ್ಟರಿನ ಕೆಳಗಿನ ನೀರಿನ ಸ್ಕ್ರೂ ಸಡಿಲಿಸಿ, ಬರೀ ಡೀಸೆಲ್ ಬರುವ ತನಕ ಬಿಟ್ಟು ಬಿಗಿ ಮಾಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಾಕು, ನೀರಿನ ಲೈಟು ಬಂದರೆ ಅವತ್ತೇ.