ವಿದ್ಯುತ್ ಉಳಿಸಲು ಹೋದರೆ ಅಲ್ಟ್ರಾಸೌಂಡ್ ಚಿತ್ರದ ಎಡ ಅಂಚು ಕೆಡುತ್ತಿದೆ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಯೋಗಾಲಯದಲ್ಲಿ 64 ಚಾನೆಲ್‌ಗಳ ಪೋರ್ಟಬಲ್ ಅಲ್ಟ್ರಾಸೌಂಡ್ ಯಂತ್ರವೊಂದನ್ನು ಕಟ್ಟಿದ್ದೇವೆ. ಸದ್ಯಕ್ಕೆ ಪರೀಕ್ಷೆಯೆಲ್ಲ ಫ್ಯಾಂಟಮ್ (ಅಂಗಾಂಶವನ್ನು ಅನುಕರಿಸುವ ಮಾದರಿ) ಮೇಲೆಯೇ. ಒಟ್ಟು ಬಳಕೆ 19 ವ್ಯಾಟ್ ಇರುವುದರಿಂದ 43 ವ್ಯಾಟ್-ಗಂಟೆಯ ಲಿಥಿಯಂ ಬ್ಯಾಟರಿ ಎರಡು ಗಂಟೆಗೇ ಬರಿದಾಗುತ್ತಿದೆ. ಮೊದಲು ಪಲ್ಸರ್‌ನ (ಪ್ರೋಬ್‌ಗೆ ವಿದ್ಯುತ್ ಪಲ್ಸ್ ಕೊಡುವ ಭಾಗ) ವೋಲ್ಟೇಜನ್ನು ±60ರಿಂದ ±40 ವೋಲ್ಟ್‌ಗೆ ಇಳಿಸಿದೆವು. ಉಳಿದದ್ದು ಕೆಲವೇ ನಿಮಿಷ, ಆದರೆ ಆಳದ ಚಿತ್ರವೆಲ್ಲ ನಾಯ್ಸ್‌ನಲ್ಲಿ ಮುಳುಗಿತು. ಬಳಿಕ ವೋಲ್ಟೇಜನ್ನು ಮೊದಲಿನಂತೆಯೇ ಇಟ್ಟು, ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾಗುವವರೆಗೆ ಸಿಗ್ನಲ್ ಸ್ವೀಕರಿಸುವ ಚಿಪ್‌ಗಳನ್ನು ಪೂರ್ತಿ ಪವರ್-ಡೌನ್ ಮಾಡಿದಾಗ 3 ವ್ಯಾಟ್ ಉಳಿಯಿತು. ಆದರೆ ಈಗ ಪ್ರತಿ ಫ್ರೇಮಿನ ಎಡ ಅಂಚಿನ ಐದು ರೇಖೆಗಳು (ಒಂದೊಂದು ಪಲ್ಸ್‌ನ ಪ್ರತಿಧ್ವನಿಯಿಂದ ಮೂಡುವ ಗೆರೆಗಳು) ಬೆಳ್ಳಗೆ ಪಟ್ಟಿಯಂತೆ ಕಾಣುತ್ತಿವೆ. ಆಳ 15 ಸೆಂ.ಮೀ., ಫ್ರೇಮಿಗೆ 128 ರೇಖೆ, ಸೆಕೆಂಡಿಗೆ 20 ಫ್ರೇಮ್. ಪ್ರೋಬ್ ಕೆಟ್ಟಿರಬಹುದೇ?

ಉತ್ತರ 1:

ಪಲ್ಸರ್ ಮೇಲೆ ಅನುಮಾನ ಪಡುವುದು ಸಹಜ, ಅಷ್ಟು ವೋಲ್ಟೇಜ್ ಇರುವುದು ಅಲ್ಲೇ ತಾನೆ! ಆದರೆ ಲೆಕ್ಕ ಹಾಕಿ ನೋಡಿ: ಕೇಬಲ್ ಮತ್ತು ಎಲಿಮೆಂಟ್ (ಪ್ರೋಬ್ ಒಳಗಿನ ಒಂದೊಂದು ಸಂವೇದಕ ತುಣುಕು) ಸೇರಿ 200 ಪಿಕೊಫ್ಯಾರಡ್ ಎಂದು ಹಿಡಿದರೆ, 120 ವೋಲ್ಟ್‌ನ ಏರಿಳಿತದಲ್ಲಿ ಒಂದು ಆವರ್ತಕ್ಕೆ ಸುಮಾರು 2.9 ಮೈಕ್ರೊಜೂಲ್ ಖರ್ಚಾಗುತ್ತದೆ. ರೇಖೆಗೆ ಎರಡು ಆವರ್ತ, ಸೆಕೆಂಡಿಗೆ 2,560 ರೇಖೆ, 64 ಚಾನೆಲ್ ಎಂದು ಗುಣಿಸಿದರೂ ಒಂದು ವ್ಯಾಟ್ ದಾಟುವುದಿಲ್ಲ. ಪ್ರತಿ ಚಾನೆಲ್‌ಗೂ ಇರುವ ಆಂಪ್ಲಿಫೈಯರ್ ಮತ್ತು ಎ.ಡಿ.ಸಿ.ಗಳು (ಸಿಗ್ನಲನ್ನು ಅಂಕಿಗಳಾಗಿಸುವ ಭಾಗಗಳು) ಬಿಡುವಿಲ್ಲದೆ ಎಚ್ಚರವಾಗಿರುವುದೇ ನಿಮ್ಮ ದೊಡ್ಡ ಖರ್ಚು. ಆದ್ದರಿಂದ ನೀವು ಎರಡನೆಯ ಸಲ ಹಿಡಿದ ದಾರಿಯೇ ಸರಿ.

ಪ್ರೋಬ್ ಕೆಟ್ಟಿರಲಾರದು ಎಂದು ನನ್ನ ಊಹೆ. ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1,540 ಮೀಟರ್ ಆದ್ದರಿಂದ 15 ಸೆಂ.ಮೀ. ಹೋಗಿ ಬರಲು ಸುಮಾರು 195 ಮೈಕ್ರೊಸೆಕೆಂಡ್ ಬೇಕು. ಫ್ರೇಮ್ ಎಡದಿಂದ ಶುರುವಾಗುವುದಾದರೆ ಮೊದಲ ಐದು ರೇಖೆ ಎಂದರೆ ಸುಮಾರು ಒಂದು ಮಿಲಿಸೆಕೆಂಡ್. ಪೂರ್ತಿ ಪವರ್-ಡೌನ್ ಆದಾಗ ಇನ್‌ಪುಟ್ಟಿನ ಕಪ್ಲಿಂಗ್ ಕೆಪಾಸಿಟರ್‌ಗಳು ತಮ್ಮ ಬಯಾಸ್ (ಸ್ಥಿರ ವೋಲ್ಟೇಜ್) ಕಳೆದುಕೊಳ್ಳುತ್ತವೆ. ಅವು ಮತ್ತೆ ಚಾರ್ಜ್ ಆಗಿ ನೆಲೆ ನಿಲ್ಲುವ ಮೊದಲೇ ನೀವು ಪಲ್ಸ್ ಬಿಡುತ್ತಿರುವಂತಿದೆ. ಖಾತ್ರಿ ಮಾಡಿಕೊಳ್ಳಲು ಬೋರ್ಡ್ ಬಿಚ್ಚಬೇಕಾಗಿಲ್ಲ. ಆಳವನ್ನು 7.5 ಸೆಂ.ಮೀ.ಗೆ ಇಳಿಸಿ, ಕೆಟ್ಟ ರೇಖೆಗಳನ್ನು ಎಣಿಸಿ. ಆಗ ಒಂದು ರೇಖೆಯ ಸಮಯ ಅರ್ಧವಾಗುವುದರಿಂದ, ಹತ್ತಾದರೆ ಕಾಲದ ದೋಷ. ಐದೇ ಉಳಿದರೆ ಆ ಅಂಚಿನ ಎಲಿಮೆಂಟ್ ಅಥವಾ ಮಲ್ಟಿಪ್ಲೆಕ್ಸರ್ (ಎಲಿಮೆಂಟ್‌ಗಳನ್ನು ಚಾನೆಲ್‌ಗಳಿಗೆ ಜೋಡಿಸುವ ಸ್ವಿಚ್) ನೋಡಿ.

ಉತ್ತರ 2:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಮ್ಮ ಪ್ರೋಬ್ 3.5 ಮೆಗಾಹರ್ಟ್ಜ್‌ನದಾಗಿದ್ದು ಎ.ಡಿ.ಸಿ. 40 ಮೆಗಾಹರ್ಟ್ಜ್‌ನಲ್ಲಿ ಓಡುತ್ತಿದ್ದರೆ ಅದನ್ನು 20ಕ್ಕೆ ಇಳಿಸಿ, ಬೀಮ್‌ಫಾರ್ಮಿಂಗ್‌ಗೆ (ಎಲ್ಲ ಚಾನೆಲ್‌ಗಳ ಸಿಗ್ನಲನ್ನು ವಿಳಂಬ ಹೊಂದಿಸಿ ಕೂಡಿಸುವುದು) ಬೇಕಾದ ಸೂಕ್ಷ್ಮ ವಿಳಂಬವನ್ನು ಎಫ್‌ಪಿಜಿಎ (ಬೇಕಾದಂತೆ ರೂಪಿಸಬಹುದಾದ ಚಿಪ್) ಒಳಗೆ ಇಂಟರ್‌ಪೊಲೇಶನ್‌ನಿಂದ, ಅಂದರೆ ಮಾದರಿಗಳ ನಡುವಿನ ಬೆಲೆಯನ್ನು ಲೆಕ್ಕ ಹಾಕಿ, ಪಡೆಯಬಹುದು. ಆಗ ಎ.ಡಿ.ಸಿ.ಗೆ ಮೊದಲು ಬರುವ ಫಿಲ್ಟರಿನ ಮಿತಿಯನ್ನೂ ಹೊಸ ದರದ ಅರ್ಧವಾದ 10 ಮೆಗಾಹರ್ಟ್ಜ್‌ಗಿಂತ ಕೆಳಗಿಳಿಸಲು ಮರೆಯಬೇಡಿ. ನಾನು ಒಮ್ಮೆ ಮರೆತು, ಚಿತ್ರದಲ್ಲಿ ಹೆಚ್ಚಿದ ನಾಯ್ಸ್ ಎಲ್ಲಿಂದ ಬಂತೆಂದು ಎರಡು ದಿನ ಹುಡುಕಿದ್ದೇನೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದ. 7.5 ಸೆಂ.ಮೀ.ನಲ್ಲಿ ಎಣಿಸಿದಾಗ ಸರಿಯಾಗಿ ಹತ್ತು ರೇಖೆಗಳು ಸಿಕ್ಕವು. ಫ್ರೇಮ್ ಆರಂಭಕ್ಕೆ 2 ಮಿಲಿಸೆಕೆಂಡ್ ಮೊದಲೇ ಚಿಪ್‌ಗಳನ್ನು ಎಬ್ಬಿಸುವಂತೆ ಮಾಡಿದ ಮೇಲೆ ಪಟ್ಟಿ ಮಾಯವಾಯಿತು. ಸುಮಾರು 24 ಮಿಲಿಸೆಕೆಂಡ್ ಬಿಡುವಿನಲ್ಲಿ ಅಷ್ಟು ಬಿಟ್ಟುಕೊಟ್ಟರೂ ಉಳಿತಾಯ ಹೆಚ್ಚುಕಡಿಮೆ ಹಾಗೇ ಇದೆ, ಬ್ಯಾಟರಿ ಈಗ 2 ಗಂಟೆ 20 ನಿಮಿಷ ಬರುತ್ತಿದೆ. ಆದರೆ ಆಳ ಕಡಿಮೆ ಮಾಡಿದೊಡನೆ ನಮ್ಮ ಸಾಫ್ಟ್‌ವೇರ್ ತಾನಾಗಿ ಫ್ರೇಮ್ ದರವನ್ನು ಏರಿಸಿ ಬಿಡುವನ್ನೆಲ್ಲ ನುಂಗುತ್ತಿದ್ದುದು ಈ ಪರೀಕ್ಷೆಗೆ ದರವನ್ನು 20ಕ್ಕೆ ಕಟ್ಟಿಹಾಕುವಾಗಲೇ ಗೊತ್ತಾಯಿತು. ಆ ಮಿತಿಯನ್ನು ಹಾಗೆಯೇ ಉಳಿಸಿದ್ದೇವೆ. 20 ಮೆಗಾಹರ್ಟ್ಜ್ ಪ್ರಯೋಗವನ್ನು ಫಿಲ್ಟರ್ ಬದಲಿಸಿಯೇ ಮಾಡುತ್ತೇವೆ.

ಉತ್ತರ 1:

ಒಳ್ಳೆಯದಾಯಿತು. ಚಿತ್ರವನ್ನು ಫ್ರೀಜ್ ಮಾಡಿ ಅಳತೆ ತೆಗೆಯುವಾಗಲೂ ಪಲ್ಸರ್ ಮತ್ತು ಚಿಪ್‌ಗಳು ಎಚ್ಚರವಾಗಿವೆಯೇ ಎಂದು ಆಮ್‌ಮೀಟರ್ ಹಿಡಿದು ನೋಡಿ. ನಮ್ಮ ಯಂತ್ರದಲ್ಲಿ ಎಚ್ಚರವಾಗಿದ್ದವು.